ಸರಹದ್ದು ತೋರಿಸದ ಕುತ್ತಿಗೆಯವರಿಗೆ

ಮಾನ್ಯ ಕುತ್ತಿಗೆಯವರೇ,

ಐವತ್ತಾರು ವರ್ಷಗಳಿಂದ ನನ್ನ ತಲೆಯನ್ನು ಒಮ್ಮೆಯೂ ಕೆಳಗೆ ಬೀಳಿಸದೆ ಹೊತ್ತು ತಂದಿರುವ, ಮೇಲಿನವರ ಆಜ್ಞೆಯನ್ನು ಕೆಳಗಿನವರಿಗೂ ಕೆಳಗಿನವರ ಅಹವಾಲನ್ನು ಮೇಲಿನವರಿಗೂ ತಡಮಾಡದೆ ತಲುಪಿಸುವ, ಮಫ್ಲರ್ ಸುತ್ತಿದರೂ ಗುಂಡಿ ಬಿಗಿದರೂ ಒಂದೇ ಸಮನೆ ಸಹಿಸಿಕೊಳ್ಳುವ ತಮ್ಮ ಸನ್ನಿಧಾನಕ್ಕೆ, ಭೂಮಾಪನ ಕಚೇರಿಯಲ್ಲಿ ಮೂವತ್ತೊಂದು ವರ್ಷ ಸೇವೆ ಸಲ್ಲಿಸಿರುವ ಸರ್ವೇಯರನೂ ತಾವು ವಾಸವಾಗಿರುವ ದೇಹದ ಮಾಲೀಕನೂ ಆದ ನಾನು ಹಾಸಿಗೆಯಿಂದಲೇ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು. ತಲೆಬಾಗಿ ನಮಸ್ಕರಿಸುವುದೇ ಕ್ರಮವೆಂದು ಬಲ್ಲೆ. ಆದರೆ ಅದಕ್ಕೂ ತಮ್ಮದೇ ಅನುಮತಿ ಬೇಕಾಗಿದ್ದು, ಐದು ದಿನಗಳಿಂದ ತಾವು ಅದನ್ನು ಮಂಜೂರು ಮಾಡುತ್ತಿಲ್ಲ.

ಮನೆಯೊಳಗಿನ ಮಾತನ್ನು ಹೀಗೆ ಬಹಿರಂಗವಾಗಿ ಬರೆಯಬೇಕಿತ್ತೇ ಎಂದು ತಾವು ಬೇಸರಪಡಬಾರದು. ದೂರನ್ನು ನುಂಗಿಕೊಂಡು ಸುಮ್ಮನಿದ್ದುಬಿಡೋಣವೆಂದೇ ಮೊದಲು ಅಂದುಕೊಂಡಿದ್ದೆ. ಆದರೆ ಕಳೆದ ಮಂಗಳವಾರದಿಂದ ನುಂಗುವುದಕ್ಕೇ ಆಗದಂತೆ ತಾವು ದಾರಿಯನ್ನು ಬಂದ್ ಮಾಡಿರುವುದರಿಂದ, ಬರೆಯದೆ ಬೇರೆ ದಾರಿ ಉಳಿಯಲಿಲ್ಲ.

ಮನೆಯಲ್ಲಿ ನಾವಿಬ್ಬರೇ ಇರುವುದು, ನಾನು ಮತ್ತು ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ. ಮದುವೆಯ ವಿಷಯದಲ್ಲಿ ನಾವಿಬ್ಬರೂ ಯಾರಿಗೂ ತೊಂದರೆ ಕೊಟ್ಟವರಲ್ಲ. ಅಕ್ಕ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದು ನಿವೃತ್ತಳಾದವಳು. ಮೂವತ್ತು ವರ್ಷ ಕಂಡವರ ಜಗಳಗಳನ್ನು ಮೂರು ಮೂರು ಪ್ರತಿಗಳಲ್ಲಿ ಟೈಪು ಮಾಡಿದ ಅನುಭವದಿಂದಾಗಿ, ಸ್ವಂತ ಜಗಳದಲ್ಲಿ ಅವಳು ಒಂದು ಅಲ್ಪವಿರಾಮವನ್ನೂ ಬಿಟ್ಟುಕೊಡುವುದಿಲ್ಲ. ಇಂಥ ಅಕ್ಕ ಐದು ತಿಂಗಳ ಹಿಂದೆ, ಅಟ್ಟದ ಮೇಲಿದ್ದ ನನ್ನ ಹಳೆಯ ನಕ್ಷೆಗಳ ಪೆಟ್ಟಿಗೆಯನ್ನು ಇಳಿಸಲು ಸ್ಟೂಲು ಹತ್ತಿ, ಆಯ ತಪ್ಪಿ ಬಿದ್ದು, ಬಲಮಂಡಿಯ ಚಿಪ್ಪು ಒಡೆದುಕೊಂಡಳು. ಪೆಟ್ಟಿಗೆ ಇಳಿಸಿಕೊಡೆಂದು ಕೇಳಿದವನು ನಾನು. ಆ ಹೊತ್ತಿನಲ್ಲಿ ನಾನೇನು ಮಾಡುತ್ತಿದ್ದೆನೆಂಬುದಕ್ಕೆ ತಾವೇ ಸಾಕ್ಷಿ, ತಮ್ಮನ್ನು ಕುರ್ಚಿಯ ಬೆನ್ನಿಗೆ ಒರಗಿಸಿಕೊಂಡು ತೂಕಡಿಸುತ್ತಿದ್ದೆ. ಅವಳು ಕುಂಟುತ್ತಾ ಅಡುಗೆಮನೆಗೆ ಹೋಗುವುದನ್ನು ನೋಡಿದಾಗಲೆಲ್ಲ ನನಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಗುತ್ತದೆ.

ಮಂಡಿಗೆ ತಂತಿ ಹಾಕಿ ಕಟ್ಟಿದರು, ಪಟ್ಟಿ ಬಿಚ್ಚಿದರು, ಆಮೇಲೆ ವ್ಯಾಯಾಮ ಹೇಳಿಕೊಡಲು ಫಿಸಿಯೋ ಮೇಡಂ ಒಬ್ಬರು ಮನೆಗೆ ಬಂದರು. ವಯಸ್ಸಿನಲ್ಲಿ ಚಿಕ್ಕವರಾದರೂ ಮಾತು ಖಡಕ್ಕು. "ಮೂರು ತಿಂಗಳಲ್ಲಿ ಎಷ್ಟು ಬಗ್ಗುತ್ತೋ ಅಷ್ಟು. ಆಮೇಲೆ ಮಂಡಿ ಯಾರ ಮಾತೂ ಕೇಳಲ್ಲ" ಎಂದರು. ನೂರಾ ಹತ್ತು ಡಿಗ್ರಿ ಬಗ್ಗಿದರೆ ಮೆಟ್ಟಿಲು, ಬಸ್ಸು, ಕುರ್ಚಿ ಎಲ್ಲವೂ ಸಲೀಸು, ಇಲ್ಲದಿದ್ದರೆ ಇನ್ನುಳಿದ ಆಯುಷ್ಯವೆಲ್ಲ ಬಲಗಾಲನ್ನು ಮುಂದಕ್ಕೆ ಚಾಚಿಕೊಂಡೇ ಕೂರಬೇಕು. ಮೊದಲ ದಿನ ನಾನು ಕೋನಮಾಪಕ ಹಿಡಿದು ಅಳೆದಾಗ ಬಂದದ್ದು ನಲವತ್ತೇ ಡಿಗ್ರಿ. ಅಂದಿನಿಂದ ಪ್ರತಿದಿನ ಅಳೆದು, ಕಚೇರಿಯ ಅಳತೆ ಪುಸ್ತಕದಂಥದ್ದೇ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ.

ಮೇಡಂ ಹೇಳಿಕೊಟ್ಟ ವ್ಯಾಯಾಮ ಮೆಟ್ಟಿಲು ಹತ್ತಿಳಿಯುವುದು. ಆದರೆ ಅಕ್ಕ ಹತ್ತಬೇಕಲ್ಲ! "ನೋವಾಗುತ್ತೆ ಕಣೋ, ನಾಳೆ ನೋಡೋಣ" ಎಂದು ನಾಲ್ಕು ದಿನ ತಳ್ಳಿದಳು. ನಾನು ಗೋಗರೆದೆ, ಹೆದರಿಸಿದೆ, ಊಟ ಬಿಡುತ್ತೇನೆಂದೆ. ಅದಕ್ಕವಳು ನಕ್ಕಳು. ಐದನೆಯ ದಿನ ಟೈಪ್‌ರೈಟರಿನ ಧೂಳು ಒರೆಸಿ ಒಂದು ಕರಾರುಪತ್ರವನ್ನೇ ಸಿದ್ಧಪಡಿಸಿಬಿಟ್ಟಳು. "ನಿನ್ನ ಹೊಟ್ಟೆ ನಿನಗಿಂತ ಮೊದಲು ಬಾಗಿಲೊಳಗೆ ಬರುತ್ತೆ. ನೀನು ಹತ್ತು, ನಾನೂ ಹತ್ತುತ್ತೀನಿ. ನೀನು ಬಿಟ್ಟ ದಿನ ನಾನೂ ಬಿಟ್ಟೆ" ಎಂಬುದು ಅದರ ಸಾರಾಂಶ. ನಮ್ಮದು ಮೊದಲನೆಯ ಮಹಡಿ. ಅಲ್ಲಿಂದ ಮೂರನೆಯ ಮಹಡಿಗೆ ಮೂವತ್ತಾರು ಮೆಟ್ಟಿಲು. ಬೆಳಿಗ್ಗೆ ಏಳಕ್ಕೆ ಅವಳು ಎರಡು ಸಲ, ನಾನು ಇಪ್ಪತ್ತು ಬಸ್ಕಿ ಹೊಡೆದು ನಾಲ್ಕು ಸಲ ಹತ್ತಿಳಿಯಬೇಕು.

ಮಾನ್ಯರೇ, ತಮ್ಮ ಹೆಸರು ಈ ಪ್ರಕರಣದೊಳಗೆ ಬಂದದ್ದು ಇಲ್ಲಿಯೇ. ಶೀತವೋ ಜ್ವರವೋ ಬಂದ ದಿನ ಏನು ಮಾಡುವುದೆಂದು ಫಿಸಿಯೋ ಮೇಡಂ ಅವರನ್ನು ಕೇಳಿದಾಗ ಅವರು ಶೂ ಹಾಕಿಕೊಳ್ಳುತ್ತಲೇ, "ಸಿಂಪಲ್. ಕುತ್ತಿಗೆಗಿಂತ ಮೇಲಿದ್ರೆ, ಅಂದ್ರೆ ಮೂಗು ಸೋರೋದು ಸೀನೋದು, ಮೆಲ್ಲಗೆ ಮಾಡಿ. ಕುತ್ತಿಗೆಗಿಂತ ಕೆಳಗಿದ್ರೆ, ಎದೆಕೆಮ್ಮು ಮೈಕೈನೋವು, ಸುಮ್ನೆ ಮಲಗಿ" ಎಂದು ಹೇಳಿ ಹೊರಟುಹೋದರು. ಅಕ್ಕ ಅದನ್ನು ಕೂಡಲೇ ಕರಾರಿನ ಐದನೆಯ ಕಲಮಾಗಿ ಸೇರಿಸಿದಳು: ಕುತ್ತಿಗೆಯಿಂದ ಮೇಲಿನ ಕಾಯಿಲೆಯಾದರೆ ನಿಧಾನವಾಗಿ ಹತ್ತತಕ್ಕದ್ದು, ಕುತ್ತಿಗೆಯಿಂದ ಕೆಳಗಿನ ಕಾಯಿಲೆಯಾದರೆ ವಾಸಿಯಾಗಿ ಒಂದು ವಾರ ಕಳೆಯುವ ತನಕ ಇಬ್ಬರಿಗೂ ರಜೆ. ಸರಹದ್ದು ಎಲ್ಲಿದೆಯೆಂದು ನೋಡದೆ ಸಹಿ ಹಾಕಿದವನು, ಬೇರೆಯವರ ಸರಹದ್ದನ್ನು ಗುರುತಿಸಿಯೇ ಸಂಬಳ ಎಣಿಸಿದ ಈ ಮಹಾಶಯ.

ಎಪ್ಪತ್ತು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ಮಂಡಿ ಎಂಬತ್ತನಾಲ್ಕು ಡಿಗ್ರಿಗೆ ಬಂದಿತ್ತು. ಎಪ್ಪತ್ತೊಂದನೆಯ ದಿನ, ಅಂದರೆ ಮಂಗಳವಾರ, ಎದ್ದು ಉಗುಳು ನುಂಗಿದರೆ ಗಂಟಲಿನಲ್ಲಿ ಗಾಜಿನ ಚೂರು ಸಿಕ್ಕಿದ ಹಾಗೆ ನೋವು. ಮೂಗಿನಲ್ಲಿ ಬಂದಿದ್ದರೆ ಮೇಲೆ, ಎದೆಯಲ್ಲಿ ಬಂದಿದ್ದರೆ ಕೆಳಗೆ. ಇಷ್ಟು ದೊಡ್ಡ ದೇಹದಲ್ಲಿ ಬೇರೆಲ್ಲೂ ಜಾಗ ಸಿಗಲಿಲ್ಲವೆಂಬಂತೆ ಕಾಯಿಲೆ ಬಂದು ನೆಟ್ಟಗೆ ತಮ್ಮಲ್ಲೇ ಬಿಡಾರ ಹೂಡಿತು. ಅತಿಥಿಸತ್ಕಾರದಲ್ಲಿ ತಮ್ಮನ್ನು ಮೀರಿಸುವವರಿಲ್ಲವೆಂಬುದು ಅವತ್ತೇ ನನಗೆ ಮನದಟ್ಟಾಯಿತು.

ಅಕ್ಕ ನನ್ನ ಮುಖ ನೋಡಿದವಳೇ, "ಪಾಪ ಕಣೋ, ಮುಖ ಬಾಡಿಹೋಗಿದೆ. ಹೋಗಿ ಮಲಕ್ಕೋ" ಎಂದಳು. ನನಗೆ ಬುದ್ಧಿ ಬಂದಾಗಿನಿಂದ ಅಕ್ಕ ನನಗೆ ಪಾಪ ಎಂದವಳಲ್ಲ. ಓಹೋ, ಇದು ರಜೆ ಗಿಟ್ಟಿಸುವ ಉಪಾಯ ಎಂದು ತಕ್ಷಣ ಹೊಳೆಯಿತು. ಮೇಡಂ ಹೇಳಿದ ಮೂರು ತಿಂಗಳಲ್ಲಿ ಉಳಿದಿರುವುದು ಹದಿನೈದು ದಿನ. ಕಾಯಿಲೆಯ ನಾಲ್ಕು ದಿನ, ಕಲಮಿನ ಪ್ರಕಾರ ಮೇಲೊಂದು ವಾರ ಕಳೆದರೆ ಕೈಯಲ್ಲುಳಿಯುವುದು ನಾಲ್ಕು. ಅಷ್ಟರಲ್ಲಿ ಮಂಡಿ ಮತ್ತೆ ಹಳೆಯ ಜಾಗಕ್ಕೆ ಹೋಗಿ ಕೂತರೆ ಅವಳ ಕಾಲಿನ ಗತಿಯೇನು? ಇದು ಮೇಲಿನ ಕಾಯಿಲೆ, ಬಾಯಿಯ ಬಾಗಿಲಿನಿಂದಲೇ ಒಳಗೆ ಬಂದದ್ದು ಎಂದು ನಾನು ವಾದಿಸಿದೆ. ಗಂಟಲು ಎದೆಗೆ ಇಳಿಯುವ ದಾರಿ, ಆದ್ದರಿಂದ ಕೆಳಗಿನದು ಎಂದು ಅವಳು ಪ್ರತಿವಾದಿಸಿದಳು. ಕಾಯಿಲೆ ಬಿದ್ದವನು ಏನೂ ಇಲ್ಲವೆಂದು ಕಿರುಚುವುದು, ಗಟ್ಟಿಮುಟ್ಟಾಗಿರುವವಳು ಇದೆ ಇದೆ ಎಂದು ಕೂಗುವುದು, ಇಂಥ ಮೊಕದ್ದಮೆ ಅವಳು ದುಡಿದ ನ್ಯಾಯಾಲಯದಲ್ಲೂ ಬಂದಿರಲಿಕ್ಕಿಲ್ಲ.

ಫಿಸಿಯೋ ಮೇಡಂ ಅವರಿಗೊಂದು ಫೋನ್ ಮಾಡಿದ್ದರೆ ಮುಗಿಯುತ್ತಿತ್ತು ಎಂದು ಎಲ್ಲರೂ ಈಗ ಹೇಳುತ್ತಾರೆ. ಗಡಿ ತಕರಾರು ಬಂದಾಗ ಫೋನ್ ಮಾಡಿ ಕೇಳುವವನು ಸರ್ವೇಯರನೇ ಅಲ್ಲ. ಅಳೆಯಬೇಕು. ಹಾಗಾಗಿ, ಮೂವತ್ತು ವರ್ಷ ನನ್ನ ಜೊತೆ ಸರಪಳಿ ಹಿಡಿದು ಜಮೀನು ಅಳೆದ, ಹೆಸರು ಮರೆತುಹೋಗಿ ಎಲ್ಲರ ಬಾಯಲ್ಲೂ ಚೈನಣ್ಣನೇ ಆಗಿರುವ, ನೆಲಮಹಡಿಯಲ್ಲಿ ವಾಸವಿರುವ ನನ್ನ ಸಹಾಯಕನನ್ನು ಟೇಪಿನೊಂದಿಗೆ ಕರೆಸಿದೆ. ಅವನು ಹಲ್ಲುಜ್ಜುತ್ತಿದ್ದ ಬ್ರಷ್ಷನ್ನು ಜೇಬಿಗಿಟ್ಟುಕೊಂಡೇ ಬಂದ.

ಬಚ್ಚಲುಮನೆಯ ಕನ್ನಡಿಯ ಮುಂದೆ ತಮ್ಮ ಮೋಜಣಿ ನಡೆಯಿತು. ಚೆಕ್ಕುಬಂದಿಯನ್ನು ನಾನೇ ಹೇಳಿ ಬರೆಸಿದೆ: ಉತ್ತರಕ್ಕೆ ಗದ್ದ, ದಕ್ಷಿಣಕ್ಕೆ ಅಂಗಿಯ ಮೇಲ್ಗುಂಡಿ, ಪೂರ್ವಕ್ಕೆ ಕನ್ನಡಿ, ಪಶ್ಚಿಮಕ್ಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿರುವ ಅಕ್ಕ. ನೇರ ನೋಡಿದಾಗ ತಮ್ಮ ಉದ್ದ ಹನ್ನೊಂದು ಸೆಂಟಿಮೀಟರ್. ಸೂರು ನೋಡಿದಾಗ ಹದಿನೈದು. ನೆಲ ನೋಡಿದಾಗ ಗದ್ದ ಎದೆಗೆ ತಾಗಿ ತಾವು ಪೂರ್ತಿ ನಾಪತ್ತೆ. ಕಾಗದದ ಮೇಲಿರುವ ಕೆರೆ ನೆಲದ ಮೇಲೆ ಇಲ್ಲದಿರುವುದನ್ನು ನನ್ನ ಸೇವಾವಧಿಯಲ್ಲಿ ನೋಡಿದ್ದೇನೆ. ಹೊತ್ತುಕೊಂಡು ತಿರುಗುವ ಕುತ್ತಿಗೆಯೇ ಇಲ್ಲದಂತಾಗುವುದನ್ನು ನೋಡಿದ್ದು ಇದೇ ಮೊದಲು. ತಮ್ಮ ಈ ಪ್ರತಿಭೆಗೆ ನನ್ನ ಹಾರ್ದಿಕ ಅಭಿನಂದನೆಗಳು.

ಕೊನೆಗೆ ನೇರದೃಷ್ಟಿಯ ಅಳತೆಯನ್ನೇ ಒಪ್ಪಿ, ನಟ್ಟನಡುವೆ ಕೆಂಪು ಶಾಯಿಯ ಗೆರೆ ಎಳೆದೆವು. ನಾನು ನೀರು ಗುಟುಕರಿಸಬೇಕು, ನೋವಾದ ಜಾಗವನ್ನು ಚೈನಣ್ಣ ಬೆರಳಿಟ್ಟು ಹಿಡಿಯಬೇಕು ಎಂದು ತೀರ್ಮಾನವಾಯಿತು. ಮೊದಲ ಗುಟುಕಿಗೆ, "ಒಂದು ಬೆರಳು ಮೇಲೆ ಸಾರ್" ಎಂದ. ನಾನು ಗೆದ್ದೆನೆಂದು ಹೊರಡುವಷ್ಟರಲ್ಲಿ ಅಕ್ಕ ಮರುಮೋಜಣಿಗೆ ಅರ್ಜಿ ಹಾಕಿದಳು. ಎರಡನೆಯ ಗುಟುಕಿಗೆ, "ಒಂದು ಬೆರಳು ಕೆಳಗೆ ಅಕ್ಕೋರೇ" ಎಂದ. ಆಮೇಲೆ ನೋಡಿದರೆ, ನೋವಿದ್ದದ್ದು ನುಂಗುವಾಗ ಮೇಲಕ್ಕೂ ಕೆಳಕ್ಕೂ ಓಡಾಡುವ ಗಂಟಲಗಂಟಿನ ಹಿಂದೆ. ಗಡಿಗೆ ನೆಟ್ಟ ಕಲ್ಲೇ ಹೀಗೆ ನಡೆದಾಡುತ್ತಿದ್ದರೆ ಯಾವ ಸರ್ವೇಯರ್ ತಾನೇ ನಕ್ಷೆ ಬರೆದಾನು? ಜಮೀನಿನ ಗಡಿಕಲ್ಲನ್ನು ಕದ್ದು ಸರಿಸುವವರ ಮೇಲೆ ನಾನು ಎಷ್ಟೋ ವರದಿ ಬರೆದಿದ್ದೇನೆ. ಅವರೂ ಇಷ್ಟು ರಾಜಾರೋಷವಾಗಿ, ಅಧಿಕಾರಿಯ ಕಣ್ಣೆದುರೇ, ಗುಟುಕು ನೀರಿನ ಆಸೆಗೆ ಸರಿಸಿದವರಲ್ಲ.

ಅಷ್ಟರಲ್ಲಿ ಚೈನಣ್ಣ ಬೆರಳು ಹಿಂದಕ್ಕೆ ತೆಗೆದು, "ಸಾರ್, ಮೈ ಕಾದ ಹಂಚಾಗಿದೆಯಲ್ಲ ಸಾರ್" ಎಂದುಬಿಟ್ಟ. ಹೊಸ ತಕರಾರು! ಜ್ವರ ಮೇಲಿನದೋ ಕೆಳಗಿನದೋ? ಥರ್ಮಾಮೀಟರನ್ನು ಕಂಕುಳಿಗೆ ಇಡು ಎಂದು ಅಕ್ಕ. ಕಂಕುಳು ತಮ್ಮಿಂದ ಕೆಳಗಿರುವುದರಿಂದ ನಾನು ತೋಳನ್ನು ಎತ್ತಲೇ ಇಲ್ಲ. ಬಾಯಲ್ಲಿ ಇಟ್ಟುಕೊಂಡೆ. ನೂರೊಂದು ಬಂತು. ಬಾಯಿ ತಮ್ಮಿಂದ ಮೇಲಿದೆ, ಬಾಯಲ್ಲಿ ಸಿಕ್ಕಿದ ಜ್ವರ ಮೇಲಿನ ಜ್ವರ, ಆದ್ದರಿಂದ ಐದನೆಯ ಕಲಮಿನ ಮೊದಲ ಭಾಗದಂತೆ ನಿಧಾನವಾಗಿ ಹತ್ತತಕ್ಕದ್ದು ಎಂದು ಥರ್ಮಾಮೀಟರ್ ಕಚ್ಚಿಕೊಂಡೇ ತೀರ್ಪು ಕೊಟ್ಟೆ. ಚೈನಣ್ಣ ಟೇಪು ಸುತ್ತಿಕೊಂಡು ಕೆಲಸಕ್ಕೆ ಹೋದ. "ಬೇಡ ಕಣೋ. ನಿಜವಾಗ್ಲೂ ಬೇಡ" ಎಂದಳು ಅಕ್ಕ. ಆಗ ಅವಳ ದನಿಯಲ್ಲಿ ವಾದವಿರಲಿಲ್ಲ. ನಾನು ಶೂ ಹುಡುಕುತ್ತಿದ್ದೆ.

ಬಸ್ಕಿಗಳನ್ನು ದಯಾಪೂರ್ವಕವಾಗಿ ಬಿಟ್ಟೆ. ಅಕ್ಕನ ಕೈ ನನ್ನ ಭುಜದ ಮೇಲೆ, ನನ್ನ ಕೈ ಕಂಬಿಯ ಮೇಲೆ. ಎಂದಿನಂತೆ ಅವಳು ಎಡಗಾಲಿಟ್ಟು, ಬಲಗಾಲನ್ನು ಅದೇ ಮೆಟ್ಟಿಲಿಗೆ ಎಳೆದುಕೊಂಡು, ಒಂದೊಂದಾಗಿ ಬರುತ್ತಿದ್ದಳು. ಎರಡನೆಯ ಮಹಡಿಯ ತಿರುವಿನಲ್ಲಿ, ಯಾರದೋ ಗಾಳಿ ಹೋದ ಸೈಕಲ್ಲು ಒರಗಿಸಿಟ್ಟಿರುವ ಕಡೆ, ಗೋಡೆ ಎದ್ದು ನನ್ನ ಕಡೆಗೇ ಬಂತು. ಕೂತೆ. ಕೂತವನು ಅಲ್ಲಿಯೇ ಅಡ್ಡಡ್ಡ ಬಿದ್ದುಕೊಂಡೆ. ತಾವು ಆ ಗಳಿಗೆಯಲ್ಲಿ ತಲೆಯನ್ನು ಸೈಕಲ್ಲಿನ ಪೆಡಲಿಗೆ ಒರಗಿಸಿ ಕೈತೊಳೆದುಕೊಂಡಿರಿ. ಮೋಜಣಿ ಮುಗಿಯುವಷ್ಟರಲ್ಲಿ ಗಂಟೆ ಹತ್ತಾಗಿದ್ದರಿಂದ ಆ ಮಹಡಿಯವರೆಲ್ಲ ಕೆಲಸಕ್ಕೆ ಹೋಗಿದ್ದರು, ಎರಡೂ ಬಾಗಿಲಿಗೆ ಬೀಗ. ಫೋನು ಕೆಳಗೆ ಮನೆಯಲ್ಲಿತ್ತು.

ಅಕ್ಕ ನನ್ನ ಭುಜ ಬಿಟ್ಟಳು. ಎಪ್ಪತ್ತು ದಿನಗಳಲ್ಲಿ ಅವಳು ನನ್ನ ಭುಜ ಬಿಟ್ಟು ಒಂದು ಮೆಟ್ಟಿಲನ್ನೂ ಇಳಿದಿರಲಿಲ್ಲ. "ಅಕ್ಕಾ, ಬೀಳ್ತೀಯಾ" ಎಂದೆನಂತೆ. "ಬಾಯ್ಮುಚ್ಕೊಂಡು ಬಿದ್ದಿರೋ, ಅಳತೆಗಾರ" ಎಂದು ಬೈಯುತ್ತಾ ಹದಿನೆಂಟು ಮೆಟ್ಟಿಲು ಇಳಿದಳು. ಬಾಗಿಲು ತೆಗೆದ ಸದ್ದು, ಡಾಕ್ಟರಿಗೆ ಫೋನಿನಲ್ಲಿ ವಿಳಾಸ ಹೇಳಿದ ಸದ್ದು, ಆಮೇಲೆ ಮತ್ತೆ ಮೆಟ್ಟಿಲ ಮೇಲೆ ಕಾಲಿನ ಸದ್ದು ಕೇಳಿತು. ಕಣ್ಣು ತೆರೆದರೆ, ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದು ಕಂಕುಳಲ್ಲಿ ದಿಂಬು ಅವುಚಿಕೊಂಡು, ಕಂಬಿಯನ್ನೂ ಹಿಡಿಯದೆ, ಒಂದು ಮೆಟ್ಟಿಲಿಗೆ ಎಡಗಾಲು ಮುಂದಿನದಕ್ಕೆ ಬಲಗಾಲು ಇಡುತ್ತಾ ಅಕ್ಕ ಬರುತ್ತಿದ್ದಳು. ಬಲಮಂಡಿ ಪೂರ್ತಿ ಮಡಚುತ್ತಿತ್ತು. ತೊಂಬತ್ತೈದು ಇದ್ದೀತು, ತೊಂಬತ್ತೆಂಟೂ ಇದ್ದೀತು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. "ಕೋನಮಾಪಕ ಹೊರಗೆ ತೆಗೆದ್ಯೋ, ನಿನ್ನನ್ನೂ ಅದನ್ನೂ ಒಟ್ಟಿಗೆ ಕಿಟಕಿಯಿಂದ ಆಚೆ ಎಸೀತೀನಿ" ಎಂದಳು. ಅವಳು ಅಳುತ್ತಿದ್ದಳು.

ಡಾಕ್ಟರು ಬಂದು ಮೊದಲು ನೋಡಿದ್ದು ತಮ್ಮ ಮೇಲಿನ ಕೆಂಪು ಗೆರೆಯನ್ನು. "ಇದೇನ್ರೀ, ಯಾರು ಕತ್ತರಿಸೋಕೆ ಹೊರಟಿದ್ದು?" ಎಂದರು. ವಿವರಿಸಿದೆ. ಅವರು, "ನೂರೊಂದು ಜ್ವರ ಇದ್ರೆ ಮಲಗಬೇಕು ಅಂತ ತಿಳ್ಕೊಳ್ಳೋಕೆ ಟೇಪು ಬೇಕೇನ್ರೀ?" ಎಂದು ಕೇಳಿ, ವಾರವಿಡೀ ಹಾಸಿಗೆ ಬಿಟ್ಟು ಏಳಬಾರದೆಂದು ಬರೆದುಕೊಟ್ಟರು. ಗೆರೆಯನ್ನು ಸ್ಪಿರಿಟ್ಟಿನಿಂದ ಒರೆಸಿದವರು ಅವರೇ. ಅದಕ್ಕಾಗಿ ಬೇರೆ ಶುಲ್ಕವನ್ನೇನೂ ಹಾಕಲಿಲ್ಲ.

ಕರಾರಿನ ಪ್ರಕಾರ ಈಗ ಇಬ್ಬರಿಗೂ ರಜೆ. ಬುಧವಾರ ಬೆಳಿಗ್ಗೆ ನಾನು ಹಾಸಿಗೆಯಲ್ಲಿ ಗೋಡೆಗೆ ಮುಖಮಾಡಿ, ಅವಳ ಕಾಲನ್ನು ಎರಡನೆಯ ಸಲ ಮುರಿದವನೂ ನಾನೇ ಎಂದು ಹಲುಬುತ್ತಿದ್ದೆ. ಏಳು ಗಂಟೆಗೆ ಮುಂಬಾಗಿಲು ತೆರೆದ ಸದ್ದಾಯಿತು. ಮೆಟ್ಟಿಲುಗಳನ್ನು ಎಣಿಸಿದೆ. ಹದಿನೆಂಟು. ಮತ್ತೆ ಹದಿನೆಂಟು. ಇಳಿದಳು, ಮತ್ತೆ ಹತ್ತಿದಳು. ಗುರುವಾರವೂ ಅದೇ. ಶುಕ್ರವಾರ ಮೂವತ್ತಾರು ಮುಗಿದ ಮೇಲೂ ಸದ್ದು ನಿಲ್ಲಲಿಲ್ಲ, ತಾರಸಿಯ ತನಕ ಹೋಗಿ ಬಂದಳು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ನಾನಿಲ್ಲದೆಯೇ ಹೋದಳಲ್ಲ ಎಂದು ಹೊಟ್ಟೆಕಿಚ್ಚೂ ಆಯಿತು, ಅದನ್ನು ತಮ್ಮಿಂದ ಮುಚ್ಚಿಡುವುದಿಲ್ಲ.

ಕರಾರು ಮುರಿದೆಯಲ್ಲ ಎಂದು ಕೇಳಿದ್ದಕ್ಕೆ ಅವಳು ಗಂಜಿಯ ಬಟ್ಟಲನ್ನು ನನ್ನ ಕೈಗಿಟ್ಟು ಹೇಳಿದ ಮಾತನ್ನು, ಒಂದು ಅಕ್ಷರವನ್ನೂ ಬಿಡದೆ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. "ಆ ಕರಾರು ನನ್ನ ಮಂಡಿಗಲ್ಲ ಕಣೋ, ನಿನಗೆ ಬರೆದಿದ್ದು. ಬಿದ್ದ ದಿನದಿಂದ ನನ್ನ ಮುಖ ನೋಡಿದ್ದೀಯಾ ನೀನು? ಬರೀ ಮಂಡಿ ನೋಡ್ತೀಯ, ಅಳೀತೀಯ, ಬರ್ಕೋತೀಯ. ಸ್ಟೂಲು ಹತ್ತಿದ್ದು ನಾನು, ನನ್ನ ಕಾಲಿಂದ. ನೀನು ಕೊರಗಿ ಕೊರಗಿ ಸಾಯೋ ಬದಲು ಏನಾದ್ರೂ ಕೆಲಸ ಇರಲಿ ಅಂತ ಹತ್ತಿಸಿದೆ. ಮಂಗಳವಾರ ಮಲಕ್ಕೋ ಅಂದಿದ್ದು ರಜೆಗಲ್ಲ, ನಿನಗೆ ಹುಷಾರಿರಲಿಲ್ಲ, ಅದಕ್ಕೆ."

ಎಂದರೆ, ಮಾನ್ಯರೇ, ಅವಳು ಪಾಪ ಎಂದದ್ದು ಪಾಪ ಎಂದೇ. ಅದನ್ನು ಉಪಾಯವೆಂದು ತಿಳಿದು, ಟೇಪು ತರಿಸಿ, ಗೆರೆ ಎಳೆಸಿ, ಮೂರು ಜನರ ಬೆಳಗನ್ನು ಹಾಳುಮಾಡಿದವನು ನಾನು. ನಾನು ಗಂಜಿಯನ್ನು ಬಾಯಿಗಿಟ್ಟೆ. ನುಂಗಲು ಆಗಲಿಲ್ಲ. ಆ ಸಲ ಅದಕ್ಕೆ ತಾವು ಕಾರಣರಲ್ಲವೆಂದು ಪ್ರಾಮಾಣಿಕವಾಗಿ ಪ್ರಮಾಣೀಕರಿಸುತ್ತೇನೆ.

ಆದಾಗ್ಯೂ ತಮ್ಮ ಮೇಲಿನ ದೂರು ಬಿದ್ದುಹೋಗುವುದಿಲ್ಲ. ಮುಂದೆ ಯಾವ ಅಮಾಯಕನೂ ಹೀಗೆ ಮೋಸಹೋಗದಂತೆ ತಾವು ಇನ್ನಾದರೂ ಒಂದೇ ಉದ್ದವನ್ನು ಗೊತ್ತುಮಾಡಿಕೊಂಡು, ಮೇಲೆ ನೋಡಿದರೂ ಕೆಳಗೆ ನೋಡಿದರೂ ಅದನ್ನೇ ಕಾಯ್ದುಕೊಳ್ಳಬೇಕು. ನಟ್ಟನಡುವೆ ದೂರಕ್ಕೆ ಕಾಣುವಂತೆ ಒಂದು ಫಲಕವನ್ನು ಹಾಕಿಸಿ, ಒಳಬರುವ ಪ್ರತಿಯೊಂದು ಕಾಯಿಲೆಯಿಂದಲೂ ಮೇಲಕ್ಕೋ ಕೆಳಕ್ಕೋ ಎಂದು ಮುಚ್ಚಳಿಕೆ ಬರೆಸಿಕೊಳ್ಳಬೇಕು. ಇದಾವುದೂ ಆಗದಿದ್ದಲ್ಲಿ ತಮ್ಮನ್ನು ಮೊಣಕಾಲಿನ ಕೆಳಗೆಲ್ಲಾದರೂ ವರ್ಗ ಮಾಡಿಸಿಕೊಂಡು, ಶೀತ ನೆಗಡಿ ಜ್ವರ ಕೆಮ್ಮು ಎಲ್ಲವನ್ನೂ ಮೇಲಿನ ಕಾಯಿಲೆಗಳೆಂದು ಒಮ್ಮೆಲೇ ಘೋಷಿಸಿಬಿಡಬೇಕು. ಹಾಗಾದಲ್ಲಿ ಯಾವಾಗ ಮಲಗಬೇಕೆಂಬುದನ್ನು ಜನ ಜೊತೆಯಲ್ಲಿರುವವರ ಮುಖ ನೋಡಿ ತೀರ್ಮಾನಿಸುವ ಗತಿ ಬರುತ್ತದೆ. ಅದು ಬರಲಿ ಎಂಬುದೇ ನನ್ನ ಪ್ರಾರ್ಥನೆ.

ತಾವು ಎಷ್ಟೇ ಅಡ್ಡ ಬಂದರೂ ತಮ್ಮನ್ನು ಬಿಟ್ಟು ಬದುಕಲಾಗದ,

ತಮ್ಮ ವಿಶ್ವಾಸಿ,
ಹಾಸಿಗೆ ಹಿಡಿದ ಸರ್ವೇಯರ್

ವಿ.ಸೂ.: ಈ ಪತ್ರವನ್ನು ಮಡಚುವ ಹೊತ್ತಿಗೆ ಅಕ್ಕ ಹಜಾರದಲ್ಲಿ ನಾಲ್ಕು ಸಲ ಸೀನಿದ್ದಾಳೆ. ಮೂಗು ಇರುವುದು ಮೇಲೆ, ಆದ್ದರಿಂದ ತಾನು ಹತ್ತುವವಳೇ ಎಂದು ಹಟ ಹಿಡಿದಿದ್ದಾಳೆ. ಕಲಮಿನ ಪ್ರಕಾರ ಅವಳ ಮಾತು ನೂರಕ್ಕೆ ನೂರು ಸರಿ. ಅವಳ ಎಡಗಾಲಿನ ಶೂ ಸದ್ಯ ನನ್ನ ಹೊದಿಕೆಯೊಳಗಿದೆ. ಈ ಪ್ರಕರಣದಲ್ಲಿ ತಮ್ಮ ಅಭಿಪ್ರಾಯವನ್ನು ಯಾರೂ ಕೇಳಿಲ್ಲ, ದಯವಿಟ್ಟು ತಾವು ನಡುವೆ ಬರಕೂಡದು.